ಎರಡು ಕಾರ್ಯಕ್ರಮಗಳ ನಡುವಿನ ಮನುಷ್ಯ

ಮೊದಲೇ ಹೇಳಿಬಿಡುತ್ತೇನೆ, ಮೈಕ್ ಕಂಡರೆ ನನಗೆ ಮೈಮೇಲೆ ಬಂದ ಹಾಗೆ ಆಗುತ್ತದೆ. ಈ ಕೊಲ್ಲಿ ದೇಶದಲ್ಲಿ, ಟುಬ್ಲಿಯ ಗ್ಯಾರೇಜಿನಲ್ಲಿ ಕಾರಿನ ಎ.ಸಿ. ರಿಪೇರಿ ಮಾಡುವುದು ಹೊಟ್ಟೆಪಾಡು. ಮನಾಮಾದ ಹಾಲ್‌ಗಳಲ್ಲಿ ನಮ್ಮ ಊರಿನವರ ಕಾರ್ಯಕ್ರಮ ನಿರೂಪಿಸುವುದು ಚಟ. ಪ್ರತಿ ಅತಿಥಿಯ ಹೆಸರಿಗೂ ನಾಲ್ಕು ಬಿರುದು, ನಡುವೆ ಒಂದು ಜೋಕು, ಬಾಯಿಗೆ ಬಂದ ಗಾದೆ. ಜನ ಚಪ್ಪಾಳೆ ತಟ್ಟುತ್ತಿದ್ದರು, ನಾನು ಉಬ್ಬುತ್ತಿದ್ದೆ.

ಕಳೆದ ವರ್ಷ ನನ್ನ ಹನ್ನೊಂದು ವರ್ಷದ ಮಗಳು ಮೊದಲ ಸಲ ಭರತನಾಟ್ಯಕ್ಕೆ ವೇದಿಕೆ ಹತ್ತಿದಳು. ಸುಮ್ಮನಿರಬೇಕಿತ್ತು ನಾನು. "ಇವಳು ನನ್ನ ಮಗಳು, ಹೆದರಿ ಬೆಳಗ್ಗಿನಿಂದ ಎರಡು ಸಲ ವಾಂತಿ ಮಾಡಿದ್ದಾಳೆ, ಜೋರಾಗಿ ಒಂದು ಚಪ್ಪಾಳೆ!" ಎಂದೆ. ಇಡೀ ಹಾಲ್ ನಕ್ಕಿತು. ಅವಳು ಒಳಗೆ ಓಡಿದವಳು ಮತ್ತೆ ಬರಲಿಲ್ಲ. ಈ ವರ್ಷ ಹೆಸರು ಕೊಡುವಾಗ ಒಂದೇ ಷರತ್ತು ಹಾಕಿದಳು: "ಪಪ್ಪ, ನನ್ನ ಐಟಮಿನ ಹೆಸರು ಮಾತ್ರ ಹೇಳಿ. ಮತ್ತೆಂತ ಮಾತಾಡಿದ್ರೂ ನಾನು ಹೊರಗೆ ಬರುದಿಲ್ಲ, ಪ್ರಾಮಿಸ್." ನನ್ನ ಬಾಯಿಯ ಮೇಲೆ ನನಗೇ ನಂಬಿಕೆ ಇರಲಿಲ್ಲ. ಇನ್ನೊಮ್ಮೆ ಓಡಿಹೋದರೆ ಈ ಹುಡುಗಿ ಕುಣಿತವನ್ನೇ ಬಿಡುತ್ತಾಳೆ ಎಂದು ಹೆಂಡತಿ ಹೇಳಿದಳು.

ಅದೇ ದಿನಗಳಲ್ಲಿ ಒಬ್ಬ ಇಂಗ್ಲಿಷ್ ಅಜ್ಜ ತಮ್ಮ ಮಗಳ ಕಾರು ತಂದು ಗ್ಯಾರೇಜಿನಲ್ಲಿ ಕಾಯುತ್ತ ಕೂತಿದ್ದರು. ನಾನು ಸ್ವಾಗತ ಭಾಷಣ ಗೊಣಗುವುದು ಕೇಳಿ ವಿಚಾರಿಸಿದರು. "ಅನೌನ್ಸರ್, ಸಾರ್! ನಾಲ್ಕು ಗಂಟೆ ಬೇಕಾದರೂ ಮಾತಾಡುತ್ತೇನೆ" ಎಂದು ಕೊಚ್ಚಿಕೊಂಡೆ.

"ಹದಿನೇಳು ಸೆಕೆಂಡು ಮಾತಾಡಬಲ್ಲಿರಾ?" ಎಂದರು.

ಮೊಬೈಲಿನಲ್ಲಿ ಗಡಿಯಾರ ಓಡಿಸಿ ಶುರುಮಾಡಿದೆ. ನಿಲ್ಲಿಸುವಾಗ ಇಪ್ಪತ್ತಾರು. ಮತ್ತೊಮ್ಮೆ, ಹನ್ನೊಂದು. ಅವರು ಬಾನೆಟ್ ತೆರೆದ ಕಾರಿನತ್ತ ನೋಡುತ್ತ, ಇನ್ನೇನು ಈ ಕಾರಿನ ಕಥೆ ಶುರುವಾಗುತ್ತದೆ ಎಂಬಂತೆ ನಿಧಾನವಾಗಿ ನಾಲ್ಕು ಮಾತಾಡಿ ನಿಲ್ಲಿಸಿದರು. ಹದಿನೇಳು! ಕೈಯಲ್ಲಿ ವಾಚೂ ಇಲ್ಲ. ನಲವತ್ತು ಕೇಳಿದೆ, ನಲವತ್ತಕ್ಕೇ ನಿಂತರು. ಅಬ್ಬಾ!

ಎ.ಸಿ. ಗ್ಯಾಸಿನ ಸೋರಿಕೆ ಬೇಗ ಸಿಗಲಿಲ್ಲ, ಹಾಗಾಗಿ ಅವರು ಮೂರು ಸಲ ಬಂದರು. ಪ್ರತಿ ಸಲ ನಾನು ಚಹಾ ಕೊಟ್ಟು ಕೆದಕಿದೆ. ಸಣ್ಣ ನಾಟಕ ಕಂಪನಿಯ ನಟನಾಗಿದ್ದವರು, ಆಮೇಲೆ ಮೂವತ್ತು ವರ್ಷ ಬ್ರಿಟನ್ನಿನ ಒಂದು ಟಿ.ವಿ. ಕೇಂದ್ರದಲ್ಲಿದ್ದರು. ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಮಾತಾಡುವುದು ಅವರ ಕೆಲಸ. ಕಿಟಕಿಯಿಲ್ಲದ ಕೋಣೆ, ಒಂದು ಮೈಕ್, ಒಂದು ಗಡಿಯಾರ. ಒಮ್ಮೆ ಸಿನಿಮಾದ ರೀಲು ತುಂಡಾಗಿ ಒಂಬತ್ತು ನಿಮಿಷ ಒಬ್ಬರೇ ಮಾತಾಡಿದರಂತೆ: ನಾಳೆಯ ಹವೆ, ವಾರದ ಕಾರ್ಯಕ್ರಮಗಳು, ಕೊನೆಗೆ ಗುಲಾಬಿ ಗಿಡ ಕತ್ತರಿಸುವ ಕ್ರಮ. "ಸ್ವರ ಏರಿಸಬಾರದು. ಜನ ಕೂತಿರುವುದು ಮುಂದಿನದಕ್ಕೆ, ನನಗಾಗಿ ಅಲ್ಲ" ಎಂದರು.

ಆಮೇಲೆ ಕೇಂದ್ರಗಳೆಲ್ಲ ಒಂದಾದವು, ಇವರ ಕೆಲಸ ಹೋಯಿತು. ಕೊನೆಯ ದಿನ ಕೊನೆಯ ಸಂದಿಯಲ್ಲಿ ಹನ್ನೊಂದು ಸೆಕೆಂಡು ಸಿಕ್ಕಿತ್ತಂತೆ.

"ಹೋಗಿ ಬರುತ್ತೇನೆ ಅಂತ ಹೇಳಲಿಲ್ಲವಾ, ಸಾರ್?"

"ಆ ಹನ್ನೊಂದು ಸೆಕೆಂಡು ಮುಂದಿನ ಕಾರ್ಯಕ್ರಮದ್ದು."

ಎಂಥ ಮನುಷ್ಯ ಮಾರಾಯ್ರೇ! ನಾನಾಗಿದ್ದರೆ ಅರ್ಧ ಗಂಟೆ ಅತ್ತು ಮೂರು ಹಾಡು ಹೇಳುತ್ತಿದ್ದೆ.

ಶುಕ್ರವಾರ ಮಧ್ಯಾಹ್ನ ಕಾರ್ಯಕ್ರಮ. ಮಗಳ ಸರದಿ ಬಂದಾಗ ಅವಳ ಗೆಜ್ಜೆಯ ಪಟ್ಟಿ ಕಿತ್ತುಹೋಯಿತು. ಪರದೆಯ ಸಂದಿಯಿಂದ ಹೆಂಡತಿ, ಹೊಲಿಯುತ್ತಿದ್ದೇವೆ, ಮಾತು ಎಳೆಯಿರಿ ಎಂದು ಕೈಸನ್ನೆ ಮಾಡಿದಳು. ಹೆಸರು ಮಾತ್ರ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಸುಮ್ಮನಿದ್ದರೆ ಹುಡುಗರು ಶಿಳ್ಳೆ ಹಾಕುತ್ತಾರೆ. ಗೆಜ್ಜೆಯ ವಿಷಯ ಎತ್ತಿದರೆ ಅವಳು ಹೋದಳು.

ಸ್ವರ ತಗ್ಗಿಸಿದೆ. ಯಶೋದೆ ಮಗನನ್ನು ಹುಡುಕುವ ನೃತ್ಯ ಅದು. ಅವಳು ಯಾವ ಬಾಗಿಲಲ್ಲಿ ಇಣುಕುತ್ತಾಳೆ, ಕೈಯಲ್ಲಿ ಬೆಣ್ಣೆಯ ಗಡಿಗೆ ಹೇಗೆ ಮೂಡುತ್ತದೆ, ಸಿಟ್ಟು ಎಲ್ಲಿ ನಗುವಾಗುತ್ತದೆ, ಇಷ್ಟನ್ನೇ ಹೇಳುತ್ತ ಹೋದೆ. ಜೋಕಿಲ್ಲ, ಗಾದೆಯಿಲ್ಲ, ಮಗಳು ಎಂಬ ಶಬ್ದವಿಲ್ಲ. ಇನ್ನು ಹತ್ತು ಸೆಕೆಂಡು ಎಂದು ಹೆಂಡತಿ ಹತ್ತು ಬೆರಳು ತೋರಿಸಿದಳು. ಮನಸ್ಸಿನಲ್ಲೇ ಎಣಿಸುತ್ತ ಕೊನೆಯ ವಾಕ್ಯ ಮುಗಿಸಿದೆ. ಮಾತು ನಿಂತಿತು, ಗೆಜ್ಜೆ ಕೇಳಿಸಿತು. ನಾಲ್ಕು ನಿಮಿಷ ಆಗಿತ್ತು. ಅವಳು ಪೂರ್ತಿ ಕುಣಿದಳು. ನಾನು ಬದಿಯಲ್ಲಿ ನಿಂತು ಕಣ್ಣೊರೆಸಿಕೊಂಡೆ.

ಅರಾದಿನಲ್ಲಿರುವ ನಮ್ಮ ಮನೆಗೆ ಬರುವಾಗ ಕಾರಿನಲ್ಲಿ ಬೈಗುಳಕ್ಕೆ ತಯಾರಾಗಿಯೇ ಕೂತಿದ್ದೆ. ಹಿಂದಿನ ಸೀಟಿನಿಂದ ಮಗಳು ನನ್ನ ಹೆಗಲು ಮುಟ್ಟಿದಳು.

"ಥ್ಯಾಂಕ್ಸ್ ಪಪ್ಪ. ಇವತ್ತು ನೀವು ಎಂತದೂ ಮಾತಾಡ್ಲಿಲ್ಲ."

ಹೆಂಡತಿ ಬಾಯಿ ತೆರೆದಳು. ಬೇಡ ಎಂದು ಕಣ್ಸನ್ನೆ ಮಾಡಿದೆ. ಅವಳಿಗೆ ನನ್ನ ಮಾತೆಂದೇ ಅನಿಸದ ಆ ನಾಲ್ಕು ನಿಮಿಷವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದೇ ನನಗೆ ಇಷ್ಟು ಕಷ್ಟವಾಯಿತು. ಆ ಅಜ್ಜ ಮೂವತ್ತು ವರ್ಷ ಇಟ್ಟುಕೊಂಡಿದ್ದರು.