ಕರೆಂಟ್ ಇಲ್ಲವೆಂದ ಭೂಮಿಕಾ

ನಮ್ಮ ಗುಬ್ಬಿಯಲ್ಲಿ ಚೀನೀ ಭಾಷೆ ಮತ್ತು ಸಂಸ್ಕೃತಿಯನ್ನೇ ಮುಖ್ಯ ವಿಷಯವಾಗಿ ಆರಿಸಿಕೊಂಡು ಬಿ.ಎ. ಓದುತ್ತಿರುವವಳು, ನನಗೆ ತಿಳಿದಂತೆ, ಎದುರುಮನೆಯ ಭೂಮಿಕಾ ಒಬ್ಬಳೇ. ಉತ್ತರ ಭಾರತದ ಒಂದು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಮುಗಿಸಿ ರಜೆಗೆ ಬಂದಿದ್ದಳು. ಅವಳ ತಂದೆ ಅಂಜನಮೂರ್ತಿ ಪ್ರೌಢಶಾಲೆಯ ಮೇಷ್ಟ್ರು, ದನಿ ಎತ್ತುವವರಲ್ಲ. ಊಟಕ್ಕೆ ಕುಳಿತಾಗ ಮಗಳಿಗೆ ಹೇಳಿದರಂತೆ: "ಬರೀ ಅಕ್ಷರ ತಿದ್ತಾ ಕೂತ್ರೆ ಆಗಲ್ಲ ಕಣಮ್ಮ. ಇದ್ರಿಂದ ಒಂದಿನದ ಕೆಲ್ಸನಾದ್ರೂ ಆಗುತ್ತೆ ಅಂತ ತೋರ್ಸು. ಇಲ್ಲಾಂದ್ರೆ ತುಮಕೂರಲ್ಲೇ ಬಿ.ಕಾಂ. ಸೇರ್ಕೋ."

ಆ ಒಂದು ದಿನ ಬಂದದ್ದು ಶುಕ್ರವಾರ. ತುಮಕೂರು ಬಳಿಯ ವಸಂತನರಸಾಪುರದಲ್ಲಿ ಪ್ಲಾಸ್ಟಿಕ್ ಡಬ್ಬಿ ತಯಾರಿಸುವ ಕಾರ್ಖಾನೆಯೊಂದಕ್ಕೆ ಚೀನಾದಿಂದ ಹೊಸ ಯಂತ್ರ ಬಂದಿತ್ತು. ಅದನ್ನು ಕೂರಿಸಲು ಬಂದಿದ್ದ ಚೆನ್ ಎಂಬ ತಂತ್ರಜ್ಞರಿಗೆ ದುಭಾಷಿ ಬೇಕಾಗಿತ್ತು; ಆ ದಿನದ ಮಟ್ಟಿಗೆ ಭೂಮಿಕಾಳನ್ನು ಕರೆದರು. ತರಗತಿಯಲ್ಲಿ ಅವಳು ಕಲಿತದ್ದು ಕವಿತೆ, ಹಬ್ಬ, ಹಿರಿಯರಿಗೆ ಚಹಾ ಕೊಡುವ ರೀತಿ. ಆದ್ದರಿಂದ ಹಿಂದಿನ ದಿನವೆಲ್ಲ ಬೋಲ್ಟು, ಒತ್ತಡ, ಉಷ್ಣತೆ ಎಂಬ ಚೀನೀ ಪದಗಳನ್ನು ಬಾಯಿಪಾಠ ಮಾಡಿದಳು.

ಕುಣಿಗಲ್ ಕಡೆಯ ಫೋರ್‌ಮನ್ ಲಕ್ಷ್ಮೀನರಸಿಂಹಯ್ಯ ಅವಳನ್ನು ನೋಡಿ ನಕ್ಕರು. "ಫೋನಲ್ಲೇ ಆಪ್ ಐತಲ್ಲವ್ವ, ಇದಕ್ಕೂ ಮೂರ್ ವರ್ಸ ಓದ್ಬೇಕಾ?"

"ಮಿಷನ್ ಸದ್ದಲ್ಲಿ ಆಪ್‌ಗೆ ಕೇಳ್ಸಲ್ಲ ಸರ್."

"ನಿಂಗ್ ಕೇಳ್ಸಿದ್ರೆ ಸಾಕು ಬುಡು."

ಬೆಳಗಿನ ಕೆಲಸ ಸುಸೂತ್ರವಾಗಿ ಸಾಗಿತು. ಹತ್ತೂವರೆಗೆ ಚೆನ್ ಎಲ್ಲ ಸಿದ್ಧವೆಂದು ಹೇಳಿ ಸ್ವಿಚ್ಚಿನತ್ತ ಕೈ ಚಾಚಿದರು. ಫೋರ್‌ಮನ್ ಅಡ್ಡ ನಿಂತರು.

"ಬ್ಯಾಡ ಅನ್ನವ್ವ. ರಾಹುಕಾಲ ಸುರುವಾಯ್ತು. ಹನ್ನೆರಡಾಗ್ಲಿ."

"ಹಂಗೇ ಹೇಳ್ಲಾ?"

"ಅಯ್ಯೋ, ಆಡ್ಕೊಂಡು ನಗ್ತಾನೆ. ಕರೆಂಟಿಲ್ಲ ಅನ್ನು."

ಹಿರಿಯರ ಮಾತನ್ನು ಮೀರಲಾರದೆ ಅವಳು ಹಾಗೆಯೇ ಹೇಳಿದಳು. ಚೆನ್ ತಲೆಯೆತ್ತಿದರು. ಮೇಲೆ ಫ್ಯಾನ್ ತಿರುಗುತ್ತಿತ್ತು. ಅವರು ಯಂತ್ರದ ಪ್ಯಾನೆಲ್ ಬಿಚ್ಚಿ ಒಂದೊಂದೇ ತಂತಿಯನ್ನು ಪರೀಕ್ಷಿಸತೊಡಗಿದರು. ಬಳಿಕ ಅವಳನ್ನೇ ಕೇಳಿದರು: ನೀವು ಏನನ್ನೋ ಕೆಡಿಸಿ ಮುಚ್ಚಿಡುತ್ತಿದ್ದೀರಾ? ಅದು ತಿಳಿಯುವವರೆಗೆ ತಾವು ಯಂತ್ರ ಮುಟ್ಟುವುದಿಲ್ಲ, ತಾವು ಸಂಜೆಗೆ ಹೇಗೂ ವಾಪಸು ಹೊರಡುವವರು ಎಂದರು.

"ಏನಂತವ್ನೆ?" ಎಂದರು ಫೋರ್‌ಮನ್.

ಯಂತ್ರ ನಿಂತೇ ಉಳಿದರೆ ತಪ್ಪೆಲ್ಲ ಭೂಮಿಕಾಳದೇ. ಹುಡುಗಿಗೆ ಭಾಷೆಯೇ ಬರುವುದಿಲ್ಲ ಎಂಬ ಮಾತು ಸಂಜೆಯೊಳಗೆ ತಂದೆಯ ಕಿವಿ ಮುಟ್ಟುತ್ತದೆ. ಮುಂದೆ ಬಿ.ಕಾಂ. ಅವಳು ಫೋರ್‌ಮನ್‌ಗೆ ಉತ್ತರಿಸದೆ ಚೆನ್ ಕಡೆಗೇ ತಿರುಗಿದಳು. ರಾಹುಕಾಲಕ್ಕೆ ಚೀನೀ ಪದ ಅವಳಲ್ಲಿರಲಿಲ್ಲ. ಈ ಹೊತ್ತಿನಲ್ಲಿ ನಮ್ಮವರು ಹೊಸತನ್ನು ಆರಂಭಿಸುವುದಿಲ್ಲ, ಹನ್ನೆರಡು ದಾಟಬೇಕು, ಕರೆಂಟಿನ ಮಾತು ಸುಳ್ಳು, ಕ್ಷಮಿಸಿ ಎಂದು ತಡವರಿಸುತ್ತ ಹೇಳಿದಳು.

ಚೆನ್ ನಗಲಿಲ್ಲ. ಫೋನ್ ತೆಗೆದು ಒಂದು ಕ್ಯಾಲೆಂಡರ್ ತೋರಿಸಿದರು. ಯಾವ ದಿನ, ಯಾವ ಹೊತ್ತು ಏನು ಮಾಡಬಹುದು, ಏನು ಮಾಡಬಾರದು ಎಂಬುದೆಲ್ಲ ಅದರಲ್ಲಿತ್ತು. ಅವರ ಊರಿನ ಮಾಲೀಕರೂ ಅದನ್ನು ನೋಡದೆ ಯಂತ್ರ ಶುರುಮಾಡುವುದಿಲ್ಲವಂತೆ. ಎರಡನೆಯ ವರ್ಷದ ಪರೀಕ್ಷೆಯ ಸಂಸ್ಕೃತಿ ಪತ್ರಿಕೆಯಲ್ಲಿ ಭೂಮಿಕಾ ಅದೇ ಪಂಚಾಂಗದ ಬಗ್ಗೆ ಉತ್ತರ ಬರೆದಿದ್ದಳು. ಬೋಲ್ಟುಗಳ ನಡುವೆ ಅದು ನೆನಪಿಗೇ ಬಂದಿರಲಿಲ್ಲ. ತಮ್ಮ ಲೆಕ್ಕದಲ್ಲಿ ಮಧ್ಯಾಹ್ನ ಒಂದರ ನಂತರದ ಹೊತ್ತು ಒಳ್ಳೆಯದಲ್ಲ ಎಂದು ಚೆನ್ ಬೆರಳಿಟ್ಟು ತೋರಿಸಿದರು. ಭೂಮಿಕಾ ಅದನ್ನು ಕನ್ನಡದಲ್ಲಿ ಹೇಳಿದಳು.

"ಅವ್ರದ್ದೂ ಒಂದು ಪಂಚಾಂಗನಾ! ಹಂಗಾರೆ ಹನ್ನೆರಡಕ್ಕೂ ಒಂದಕ್ಕೂ ಮಧ್ಯೆ ಅನ್ನವ್ವ, ಬಿರ್ರನೆ ಅನ್ನು" ಎಂದು ಫೋರ್‌ಮನ್ ನಿಂಬೆಹಣ್ಣು ಹುಡುಕಲು ಓಡಿದರು.

ಹನ್ನೆರಡು ದಾಟಿದ ಮೇಲೆ ಕಾಯಿ ಒಡೆದು ಯಂತ್ರ ಶುರುಮಾಡಿದರು. ಮೊದಲ ಡಬ್ಬಿ ಸೊಟ್ಟಗೆ ಬಂತು. ಎರಡನೆಯದೂ ಸೊಟ್ಟಗೇ ಬಂತು. ಚೆನ್ ಏನನ್ನೋ ತಿರುಗಿಸಿದರು. ಮೂರನೆಯದು ನೆಟ್ಟಗಿತ್ತು.

ರಾತ್ರಿ ಊಟಕ್ಕೆ ಕುಳಿತಾಗ ತಂದೆ ಕೇಳಿದರು: "ಆಯ್ತೇನಮ್ಮ ಕೆಲ್ಸ?"

"ಆಯ್ತಪ್ಪ. ಆದ್ರೆ ಮೊದ್ಲು ಒಂದು ಸುಳ್ಳು ಹೇಳ್ಬಿಟ್ಟೆ," ಎಂದು, ಪರೀಕ್ಷೆಗೆ ಓದಿದ ಪಂಚಾಂಗ ಮರೆತದ್ದೂ ಸೇರಿ ಎಲ್ಲವನ್ನೂ ತಿಳಿಸಿದಳು.

ಮೇಷ್ಟ್ರು ತಟ್ಟೆಯಲ್ಲಿ ಉಳಿದಿದ್ದ ಅನ್ನ ಮುಗಿಸಿದರು. ಅವಳು ಬಿ.ಕಾಂ. ಎಂಬ ಮಾತಿಗೇ ಕಾಯುತ್ತಿದ್ದಳು.

"ಮೂರನೇ ವರ್ಷದಲ್ಲೂ ಆ ಸಂಸ್ಕೃತಿ ಪೇಪರ್ ಇದ್ಯಾ?"

"ಇದೆ."

"ಅದನ್ನ ಇನ್ನೊಂಚೂರು ಗಮನ ಇಟ್ಟು ಓದು," ಎಂದು ಕೈತೊಳೆಯಲು ಎದ್ದರು.