ಡಾಟ್ ಆದಮೇಲೆ ನಮ್ಮ ಮನೆಯ ಹೆಸರು

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಹುಟ್ಟಿದ ಮನೆಯ ಹೆಸರು ಅದು. ಆದರೂ ಇನ್ನು ಎಲ್ಲಿಯೂ ಹಾಕಬೇಡ ಎಂದು ನನ್ನ ಅಣ್ಣನೇ ಹೇಳಿಹೋಗಿದ್ದಾನೆ.

ಮನೆ ಇರುವುದು ಕಾವೂರಿನಲ್ಲಿ. ಅಮ್ಮ ಉರ್ವ ಮಾರ್ಕೆಟಿನ ಹತ್ತಿರ ಸಣ್ಣದೊಂದು ತಿಂಡಿ ಹೋಟೆಲು ಇಟ್ಟಾಗ ಬೋರ್ಡಿಗೆ ಮನೆಯ ಹೆಸರನ್ನೇ ಬರೆಸಿದ್ದಳು. ಅಣ್ಣ ಅದನ್ನು ಬೆಳೆಸಿದ. ಈಗ ಊರೂರಲ್ಲಿ ಹೋಟೆಲು, ಅಂಗಡಿಗಳಲ್ಲಿ ಪ್ಯಾಕೆಟ್ ಮಸಾಲೆ, ಎಲ್ಲ ಅದೇ ಹೆಸರಿನಲ್ಲಿ. ಅದು ಅವನ ದುಡಿಮೆ, ಇಲ್ಲ ಅನ್ನುವುದಿಲ್ಲ. ನಾನು ಕುಲಶೇಖರದ ನನ್ನ ಅಡುಗೆಮನೆಯಲ್ಲಿ ಅಮ್ಮನ ಕೈಯ ಚಟ್ನಿಪುಡಿ ಮಾಡಿ, ಬಾಟಲಿಗೆ ಅದೇ ಹೆಸರು ಅಂಟಿಸಿ, ಭಜನೆಗೆ ಬರುವವರಿಗೆ ಮಾರುತ್ತಿದ್ದೆ. ಮಗಳು ಅದಕ್ಕೊಂದು ವೆಬ್‌ಸೈಟೂ ಮಾಡಿಕೊಟ್ಟಿದ್ದಳು.

ಒಂದು ಭಾನುವಾರ ಅಣ್ಣ ತನ್ನ ಮಗಳನ್ನು ಕರೆದುಕೊಂಡು ಬಂದ. ಕಂಪೆನಿಯ ಇಂಟರ್ನೆಟ್ ಕೆಲಸವೆಲ್ಲ ಅವಳದ್ದು.

"ಅತ್ತೆ, ಡಾಟ್ ಕಾಮ್ ಅಂತ ಉಂಟಲ್ಲ, ಆ ಕಾಮ್ ಇರುವ ಜಾಗದಲ್ಲಿ ನಮ್ಮ ಹೆಸರೇ ಬರ್ತದೆ."

"ಅದರಿಂದ ಎಂತ ಆಗುವುದು?"

"ನಕಲಿಯವರ ಕಾಟ ಇಲ್ಲ. ಆ ಹೆಸರಿನಲ್ಲಿ ಮುಗಿಯುವ ವಿಳಾಸ ಎಲ್ಲ ಕಂಪೆನಿಯದ್ದೇ. ಬೇರೆಯವರಿಗೆ ಸಿಗುವುದಿಲ್ಲ."

ಇಡೀ ಪ್ರಪಂಚಕ್ಕೆ ಇಂಥ ಹೆಸರು ಕೊಡುವ ಒಂದು ಸಂಸ್ಥೆ ಉಂಟಂತೆ. ಎಷ್ಟೋ ವರ್ಷಕ್ಕೊಮ್ಮೆ ಅರ್ಜಿಗೆ ಬಾಗಿಲು ತೆರೆಯುವುದಂತೆ, ಈಗ ತೆರೆದಿದೆಯಂತೆ. ಹೆಸರು ಟ್ರೇಡ್‌ಮಾರ್ಕ್ ಆಗಿರಬೇಕು, ಅದನ್ನು ನಡೆಸುವ ತಾಕತ್ತು ತೋರಿಸಬೇಕು. ಅರ್ಜಿ ಹಾಕಿದ ಮೇಲೆ ಆಕ್ಷೇಪ ಇದ್ದವರು ಹೇಳಬಹುದು.

"ಹಾಗಾಗಿ ಹೆಸರು ಎಲ್ಲಿಯೂ ಹರಡಿಕೊಂಡು ಇರಬಾರದು ಅಂತ ಲಾಯರ್ ಹೇಳ್ತಾರೆ," ಎಂದ ಅಣ್ಣ. "ನಿನ್ನ ಲೇಬಲ್ ತೆಗೆ. ವೆಬ್‌ಸೈಟೂ ಬೇಡ."

"ನನ್ನದು ನಕಲಿಯಾ?"

"ಹಾಗೆ ಯಾರು ಹೇಳಿದ್ದು ಮಾರಾಯ್ತಿ? ಬೇರೆ ಹೆಸರಿಡು. ಪುಡಿಗೆ ಹೆಸರಿನಿಂದ ರುಚಿ ಬರುವುದಾ?"

"ಮತ್ತೆ ನಿನ್ನ ಪ್ಯಾಕೆಟಿಗೆ?"

ಅವನು ನಕ್ಕ. ಅವನ ಮಗಳು ತಲೆ ತಗ್ಗಿಸಿದಳು. ನಾನು ಚಹಾ ಇಟ್ಟೆ. ನನ್ನ ಮಗಳು ಮನೆಯಲ್ಲಿರಲಿಲ್ಲ, ದೇವರು ದೊಡ್ಡವನು. ಇದ್ದಿದ್ದರೆ ಜಗಳವೇ.

ಎದ್ದು ಹೊರಡುವಾಗ ಅಣ್ಣ ಅಸಲು ವಿಷಯ ತೆಗೆದ. ಅರ್ಜಿ ಕಳಿಸುವ ದಿನ ಕಾವೂರಿನ ಮನೆಯಲ್ಲಿ ದೈವಕ್ಕೆ ದೀಪ ಇಡಬೇಕು. ಆ ದೀಪ ಮನೆಯ ಹೆಣ್ಣೇ ಹಚ್ಚಬೇಕು, ನಮ್ಮ ಮನೆಯ ಕ್ರಮ ಅದು.

"ನಾನೇ ಹಚ್ಚಿದರೆ ಆಗುವುದಿಲ್ವಾ ಪಪ್ಪಾ?" ಕೇಳಿದಳು ಅವನ ಮಗಳು.

"ನೀನು ನಿನ್ನ ಅಮ್ಮನ ಮನೆಯವಳಲ್ಲವಾ. ಅದು ಅತ್ತೆಯೇ ಆಗಬೇಕು."

ಅವನು ಹೇಳಿದ್ದು ಸರಿ. ನಮ್ಮಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು. ಕಾವೂರಿನ ಮನೆಗೆ ಸೇರಿದ್ದು ನಾನು, ನನ್ನ ನಂತರ ನನ್ನ ಮಗಳು. ಅವನ ಮಗಳಲ್ಲ. ಇಷ್ಟನ್ನು ಅವನ ಬಾಯಿಂದಲೇ ಕೇಳಿದ ಮೇಲೆ ನಾನು ಇನ್ನೆಂತ ಹೇಳುವುದು?

ಹೋದೆ. ದೈವದ ಎದುರು ಸಿಟ್ಟು ತೋರಿಸಲಿಕ್ಕಾಗುವುದಿಲ್ಲ. ಬತ್ತಿ ಹೊಸೆದು ಎಣ್ಣೆ ಹಾಕಿ ಹಚ್ಚಿದೆ. ಅಣ್ಣ ಹಿಂದೆ ಕೈಮುಗಿದು ನಿಂತು, "ಕಾರ್ಯ ಆಗಲಿ ಅಂತ ಕೇಳು," ಎಂದ. ಆಗಲಿ ಎನ್ನಲು ಬಾಯಿ ಬರಲಿಲ್ಲ. ಆಗದಿರಲಿ ಅಂತ ಒಡಹುಟ್ಟಿದವನ ವಿಷಯದಲ್ಲಿ ಕೇಳುವುದು ಹೇಗೆ? ಮನೆಯ ಹೆಸರು ಹೇಳಿದೆ, ಜೋರಾಗಿಯೇ. "ಈ ಮನೆಯ ಮಕ್ಕಳನ್ನು ಕಾಪಾಡು" ಎಂದೆ. ಮಕ್ಕಳು ಯಾರೆಂದು ದೈವಕ್ಕೆ ಗೊತ್ತುಂಟು. ಅಣ್ಣನಿಗೂ ಗೊತ್ತಾಗಿರಬೇಕು, ಪ್ರಸಾದ ತೆಗೆದುಕೊಳ್ಳುವಾಗ ನನ್ನ ಮುಖ ನೋಡಲಿಲ್ಲ.

ಮನೆಗೆ ಬಂದು ಬಾಟಲಿಗಳನ್ನು ನೀರಿಗೆ ಹಾಕಿದೆ. ಲೇಬಲು ಸುಲಭದಲ್ಲಿ ಏಳಲಿಲ್ಲ, ಉಗುರಿನಲ್ಲಿ ಕೆರೆದೆ. ಅಂಟು ಒಳ್ಳೆಯದಿತ್ತು.

ಅರ್ಜಿಯ ಉತ್ತರ ಬರಲಿಕ್ಕೆ ತುಂಬ ಸಮಯ ಉಂಟಂತೆ. "ನಾವು ಆಕ್ಷೇಪ ಹಾಕುವಾ, ಅಮ್ಮಾ" ಎನ್ನುತ್ತಾಳೆ ಮಗಳು. ಬೇಡ ಎಂದಿದ್ದೇನೆ. ಮೊಣಕಾಲು ನೋವು ಕಡಿಮೆ ಉಂಟು, ಪುಡಿ ಹೆಸರಿಲ್ಲದೆಯೂ ಖರ್ಚಾಗುತ್ತದೆ, ಅಷ್ಟು ಕೃಪೆ ಸಾಕು. ಆದರೆ ಸಂಕ್ರಮಣಕ್ಕೆ ದೈವಕ್ಕೆ ದೀಪ ಇಡಲು ಕಾವೂರಿಗೆ ಹೋಗುವಾಗ ಈಗ ಮಗಳನ್ನೂ ಕರೆದುಕೊಂಡು ಹೋಗುತ್ತೇನೆ. ಬತ್ತಿ ಹೊಸೆಯಲು ಕಲಿಯುತ್ತಿದ್ದಾಳೆ.