ಕಮಲಾಕ್ಷ ಮಯ್ಯರ ನಲವತ್ತೊಂದು ನಾಟಕ

ಬ್ರಹ್ಮಾವರದ ಹಲ್ಲಿನ ಡಾಕ್ಟರು ಕಮಲಾಕ್ಷ ಮಯ್ಯರ ಬಾಯಿಗೆ ಟಾರ್ಚು ಹಾಕಿ ನೋಡಿ, ಎಡಗೆನ್ನೆಯೊಳಗೆ ಬಿಳಿ ಕಲೆಯಿದೆ, ಹೊಗೆಸೊಪ್ಪು ಇವತ್ತಿಗೇ ನಿಲ್ಲಬೇಕು ಎಂದರು. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರಲ್ಲಿ ಸದ್ಯಕ್ಕೆ ಕೆಟ್ಟದ್ದೇನೂ ಇರಲಿಲ್ಲ. ಮಯ್ಯರ ತಲೆಯಲ್ಲಿ ಕೂತದ್ದು ಆ 'ಸದ್ಯಕ್ಕೆ' ಮಾತ್ರ.

ಕೋಟದ ಆಸುಪಾಸಿನ ಮದುವೆ, ಉಪನಯನಗಳಿಗೆ ಅಡುಗೆ ಮಾಡುವ ಮಯ್ಯರಿಗೆ ಐವತ್ತಾರು ವರ್ಷ. ಇಪ್ಪತ್ತರಿಂದಲೂ ಎಲೆ, ಅಡಿಕೆ, ಹೊಗೆಸೊಪ್ಪು ಬಾಯಲ್ಲಿಲ್ಲದ ಗಂಟೆಯಿಲ್ಲ. ಬಿಟ್ಟ ಮೂರನೇ ದಿನಕ್ಕೆ ಅವರು ಕೂತಲ್ಲಿ ಕೂರದಾದರು. ಜಗಲಿಯಿಂದ ಬಾವಿಕಟ್ಟೆ, ಬಾವಿಕಟ್ಟೆಯಿಂದ ಅಡುಗೆಮನೆ. ಲವಂಗ ಜಗಿದರು, ಒಣ ನೆಲ್ಲಿಕಾಯಿ ಜಗಿದರು, ಕೊನೆಗೆ ಹೆಗಲ ಮೇಲಿನ ಬೈರಾಸಿನ ತುದಿಯೂ ಬಾಯಿಗೆ ಹೋಯಿತು.

ನೋಡಿ ಸಾಕಾದ ಹೆಂಡತಿ ಪದ್ಮಾಕ್ಷಿ ಊರಿನ ಲೈಬ್ರರಿಯಿಂದ ದಪ್ಪ ಪುಸ್ತಕವೊಂದನ್ನು ತಂದು ಎದುರಿಗಿಟ್ಟರು. ಹೆಸರಾಂತ ನಾಟಕಕಾರ ವಾಸುದೇವ ಕೊರಡ್ಕಲ್ ಅವರ ಸಮಗ್ರ ನಾಟಕಗಳ ಮೊದಲ ಸಂಪುಟ.

"ಬಾಯಿಗ್ ಕೆಲ್ಸ ಬೇಕಲ್ದಾ? ಇದನ್ನ್ ಗಟ್ಟಿ ಓದಿ."

"ನಾಟ್ಕವಾ? ನಾನಾ?"

"ಐದ್ ಸಂಪುಟ, ನಲ್ವತ್ತೊಂದ್ ನಾಟ್ಕ ಇತ್ತಂಬ್ರ್. ನಿಮ್ಮತ್ರ ಆಪ್ದಲ್ಲ ಬಿಡಿ."

ಆ ಕೊನೆಯ ಮಾತು ಮಯ್ಯರಿಗೆ ತಾಗಿತು. ಆರು ತಿಂಗಳೊಳಗೆ ನಲವತ್ತೊಂದನ್ನೂ ಓದಿಯೇ ತೀರುತ್ತೇನೆ ಎಂದುಬಿಟ್ಟರು.

ಕೂತು ಓದಿದರೆ ಪುಟ ದಾಟುತ್ತಿರಲಿಲ್ಲ. ಅಂಗಳದಲ್ಲಿ ನಡೆಯುತ್ತ, ರಾಜನಿಗೊಂದು ದನಿ, ಸೂಳೆಗೊಂದು ದನಿ, ಸಾಲಗಾರನಿಗೊಂದು ದನಿ ಮಾಡಿ ಓದಿದರು. ಎರಡನೇ ವಾರ, "ಪಾಪಿ, ಈ ಕ್ಷಣವೇ ನನ್ನ ಮನೆಯಿಂದ ತೊಲಗು!" ಎಂಬ ಅಬ್ಬರ ಕೇಳಿ ಪಕ್ಕದ ಮನೆಯ ಕುಸುಮ ಓಡಿ ಬಂದಳು.

"ಹ್ವಾಯ್, ಎಂತ ಗಲಾಟಿ?"

"ಅದ್ ನಂಗಲ್ಲ ಮಾರಾಯ್ತಿ, ಪುಸ್ತಕದ್ದ್," ಎಂದರು ಪದ್ಮಾಕ್ಷಿ.

ಮಯ್ಯರು ಅಡುಗೆಗೆ ಹೋದಲ್ಲೂ ಪುಸ್ತಕ ಒಯ್ದರು. ಸಾಲಿಗ್ರಾಮದ ಉಪನಯನವೊಂದರಲ್ಲಿ ಎರಡನೇ ಅಂಕದ ಭರದಲ್ಲಿ ಹುಳಿಗೆ ಎರಡು ಸಲ ಉಪ್ಪು ಬಿತ್ತು. ಮರುದಿನದಿಂದ ಒಲೆಯ ಹತ್ತಿರ ಪುಸ್ತಕ ತರಲಿಲ್ಲ. ಕೆಲಸದ ನಡುವೆ ಕೊಟ್ಟಿಗೆಯ ಹಿಂದೆ ಹೋಗಿ ಓದಿ ಬರುತ್ತಿದ್ದರು.

ಹದಿನೇಳನೇ ನಾಟಕದಲ್ಲಿ ಎಡವಿದರು. ಅದರ ನಾಯಕ ಮೂಗ. ಪುಟಪುಟದಲ್ಲೂ ಬರೀ 'ಮೌನ', 'ದೀರ್ಘ ಮೌನ'. ಬಾಯಿ ಖಾಲಿ ಉಳಿಯಿತು. ಅದೇ ದಿನ ತ್ರಾಸಿಯಲ್ಲಿ ಒಂದು ಮದುವೆಯ ಕೆಲಸ. ಬಸ್ಸಿಳಿದವರು ನೇರ ಗೂಡಂಗಡಿಗೆ ಹೋಗಿ ಎಲೆಯಡಿಕೆ, ಹೊಗೆಸೊಪ್ಪು ಹಾಕಿಕೊಂಡರು. ಮೈಯೆಲ್ಲ ಸಡಿಲವಾದಂತಾಯಿತು. ಮರುಗಳಿಗೆ ಕಲೆಯ ನೆನಪಾಯಿತು. ಉಗುಳಿ, ನಾಲ್ಕು ಸಲ ಬಾಯಿ ಮುಕ್ಕಳಿಸಿದರು.

ಮನೆಗೆ ಬಂದು ಹೆಂಡತಿಗೆ ತಾವೇ ಹೇಳಿದರು. ಪದ್ಮಾಕ್ಷಿ ಬೈಯಲಿಲ್ಲ. "ಹದ್ನೇಳನೇದ್ ಮುಗಿಲಿಲ್ಲ ಅಲ್ದಾ?" ಎಂದಷ್ಟೇ ಕೇಳಿದರು. ಮಯ್ಯರು ಅದನ್ನು ಮೊದಲಿನಿಂದ ಹಿಡಿದರು. ಈ ಸಲ 'ದೀರ್ಘ ಮೌನ' ಎಂಬುದನ್ನೂ ಗಂಟಲು ಹರಿಯುವಂತೆ ಓದಿದರು.

ನಾಲ್ಕು ಸಂಪುಟ ಮುಗಿದಾಗ ಐದನೆಯದು ಲೈಬ್ರರಿಯಲ್ಲಿ ಇರಲಿಲ್ಲ. ಕುಂದಾಪುರದ ಅಂಗಡಿಯವರು, ಅದೀಗ ಅಚ್ಚಿನಲ್ಲಿಲ್ಲ ಎಂದರು. ಎಂಟು ದಿನ ಓದಲು ಏನೂ ಇಲ್ಲದೆ ಮಯ್ಯರ ನಿದ್ದೆ, ಊಟ ಎರಡೂ ಕೆಟ್ಟವು. ಕಿರಿಮಂಜೇಶ್ವರದ ನಿವೃತ್ತ ಶಿಕ್ಷಕ ಅಣ್ಣಯ್ಯ ಮಾಸ್ತರರ ಬಳಿ ಇದೆಯೆಂದು ತಿಳಿದದ್ದೇ ತಡ, ಬಸ್ಸು ಹತ್ತಿದರು.

"ಪುಸ್ತಕ ಮನಿ ಬಿಟ್ಟ್ ಹೋಪ್ದಿಲ್ಲ," ಎಂದರು ಮಾಸ್ತರರು. "ಬೇಕಾರೆ ಇಲ್ಲೇ ಕೂಕಂಡ್ ಓದಿ. ಗಟ್ಟಿ ಓದಿ, ನಾನೂ ಕೇಣ್ತೆ."

ಹಾಗೆ ಮಂಗಳವಾರ, ಶುಕ್ರವಾರ ಅಲ್ಲಿಗೆ ಹೋಗುವುದಾಯಿತು. ಜಗಲಿಯಲ್ಲಿ ಇಬ್ಬರ ನಡುವೆ ಮಾಸ್ತರರ ಎಲೆಯಡಿಕೆಯ ಹರಿವಾಣ. ಹೊಗೆಸೊಪ್ಪಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ಮಯ್ಯರು ಪುಸ್ತಕವನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು ಓದುತ್ತಿದ್ದರು. ಮಾಸ್ತರರು ಒಂದೊಂದು ಅಂಕ ಮುಗಿದಾಗಲೂ ಪ್ರೀತಿಯಿಂದ ಹರಿವಾಣ ದೂಡುತ್ತಿದ್ದರು. "ಹಾಕಣಿ."

ಮೂರನೇ ಶುಕ್ರವಾರ ಮಯ್ಯರು ತಡೆಯಲಾರದೆ ಎದ್ದು ನಿಂತರು. "ಅದನ್ನ್ ಒಳಗಿಡಿ ಮಾರಾಯ್ರೆ! ನಂಗೆ ಬಾಯಲ್ಲಿ ಕಲೆ ಆಯ್ತ್. ತಿಂದ್ರೆ ಸಾಯ್ತೆ!"

ಮಾಸ್ತರರು ಪೆಚ್ಚಾದರು. ಹರಿವಾಣವನ್ನು ಒಳಗಿಟ್ಟು ಬಂದು, "ಮೊದ್ಲೇ ಹೇಳುಕಾಗ್ದಾ?" ಎಂದರು. ಆಮೇಲೆ ತಮಗೆ ಬೇಕೆನಿಸಿದಾಗ ತಾವೇ ಎದ್ದು ಒಳಗೆ ಹೋಗುತ್ತಿದ್ದರು. ಅಷ್ಟು ಹೊತ್ತು ಮಯ್ಯರು ಓದು ನಿಲ್ಲಿಸಿ ಜಗಲಿಯುದ್ದಕ್ಕೂ ತಿರುಗುತ್ತಿದ್ದರು.

ಆರನೇ ತಿಂಗಳಲ್ಲಿ ಡಾಕ್ಟರು ಮತ್ತೆ ಟಾರ್ಚು ಹಾಕಿದರು. ಕಲೆ ಅರ್ಧಕ್ಕಿಂತ ಸಣ್ಣದಾಗಿತ್ತು. ಪೂರ್ತಿ ಹೋಗಿರಲಿಲ್ಲ.

"ತಿನ್ನಬೇಕು ಅನಿಸುವುದು ನಿಂತಿದೆಯಾ?"

"ಇಲ್ಲ," ಎಂದರು ಮಯ್ಯರು.

ಮರುದಿನ ಕಿರಿಮಂಜೇಶ್ವರದಲ್ಲಿ ನಲವತ್ತೊಂದನೆಯದನ್ನು ಹಿಡಿದರು. ಮೂರನೇ ಅಂಕದಲ್ಲಿ, ವರ್ಷಗಳ ಮೇಲೆ ಬಂದ ಗಂಡ ಬಾಗಿಲು ಬಡಿಯುತ್ತಾನೆ, ಹೆಂಡತಿ ಎದ್ದು ನಿಲ್ಲುತ್ತಾಳೆ. ಮುಂದಿನ ಪುಟ ಖಾಲಿ.

"ಇನ್ನೆಂತ?" ಮಯ್ಯರು ಪುಟ ಹಿಂದುಮುಂದು ಮಾಡಿದರು.

"ಅಷ್ಟೇ. ಇದನ್ನ್ ಬರೀತಾ ಇಪ್ಪತಿಗೇ ಕೊರಡ್ಕಲ್ ತೀರಿಕೊಂಡ್ರ್."

ಮಯ್ಯರು ಮನೆ ತಲುಪುವಾಗ ಆರು ಗಂಟೆ. ಪದ್ಮಾಕ್ಷಿ ಹರಿವೆಸೊಪ್ಪು ಸೋಸುತ್ತಿದ್ದರು. "ಮುಗೀತ್," ಎಂದ ಮಯ್ಯರು ಚಪ್ಪಲಿಯನ್ನೂ ಬಿಡದೆ ಅಂಗಳದಲ್ಲಿ ಸುತ್ತತೊಡಗಿದರು.

"ಮುಗ್ದ್ರೆ ಮತ್ತೆಂತಕ್ ಹೀಂಗ್ ತಿರ್ಗ್ತ್ರಿ?"

"ಅವ್ಳ್ ಬಾಗ್ಲ್ ತೆಗೀತ್ಳಾ ಇಲ್ಯಾ, ಅದ್ ಗೊತ್ತಾಪ್ದ್ ಬ್ಯಾಡ್ದಾ?"

"ಯಾರ್?"

ಮಯ್ಯರು ಮೆಟ್ಟಿಲ ಮೇಲೆ ಕೂತು, ಕೂತಲ್ಲಿಂದ ಮತ್ತೆ ಎದ್ದು, ಮೊದಲನೇ ಅಂಕದಿಂದ ಹೇಳಲು ಶುರುಮಾಡಿದರು.